ಯಜಮಾನರ ಬಲದವಡೆ

ನನ್ನ ಯಜಮಾನರು ತೆಲುಗು ಸೀಮೆಯ ಕುಷಾಯಿಗೂಡದ ಹತ್ತಿರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದವರು. ಕೂದಲೆಳೆಯಷ್ಟು ಬಿರುಕು ಕಂಡರೂ ಮಾಲು ವಾಪಸು. ನಿವೃತ್ತರಾದ ಮೇಲೆ ಆ ತಪಾಸಣೆ ನನ್ನ ಅಡುಗೆಮನೆಗೆ ಬಂತು. ತಮ್ಮ ಬಾಯೊಳಗೆ ಮಾತ್ರ ಅವರು ಒಮ್ಮೆಯೂ ಇಣುಕಿರಲಿಲ್ಲ.

ಬಲಗಡೆ ಕೆಳಗಿನ ಒಂದು ಹಲ್ಲು ಯಾವಾಗಲೋ ನೋಯಿಸಿತ್ತಂತೆ. ಅಂದಿನಿಂದ ಎಡಗಡೆಯಲ್ಲೇ ಅಗಿಯುತ್ತ ಬಂದಿದ್ದಾರೆ. ಆಗ ನನಗೆ ಕಂಡದ್ದು ಇಷ್ಟೇ: ಕಟಕ್ ರೊಟ್ಟಿಯನ್ನು ಸದ್ದಾಗುವಂತೆ ಕಡಿಯುತ್ತಿದ್ದವರು ಅದನ್ನು ಬೇಳೆಯಲ್ಲಿ ನೆನೆಸತೊಡಗಿದರು. ಕೇಳಿದರೆ, "ಹಿಂಗ ಭಾಳ ರುಚಿ ಆಗತೈತಿ" ಅಂದರು. ನಂಬಿದೆ.

ಅದೇ ಹೊತ್ತಿಗೆ ಅವರ ಸಕ್ಕರೆ ಕಾಯಿಲೆ ಹಟ ಹಿಡಿಯಿತು. ಮಾತ್ರೆ ಹೆಚ್ಚಿಸಿದರೂ, ಅನ್ನ ಬಿಡಿಸಿದರೂ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿಯಲೊಲ್ಲದು. ಕದ್ದು ಸಿಹಿ ತಿನ್ನುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಶೇಂಗಾ ಉಂಡಿಯ ಡಬ್ಬಿ ಸೀರೆಗಳ ಕೆಳಗೆ ಹೋಯಿತು. ಅಂಗಿ ಒಗೆಯುವ ಮುಂಚೆ ಜೇಬು ಮೂಸತೊಡಗಿದೆ. ಒಂದು ಬೆಳಿಗ್ಗೆಯಂತೂ ಅವರು ವಾಕಿಂಗ್ ಹೊರಟಾಗ ಹಿಂದೆಯೇ ಹೋಗಿ, ಮಿಠಾಯಿ ಅಂಗಡಿಯ ಎದುರು ತರಕಾರಿ ಬಂಡಿಯ ಮರೆಯಲ್ಲಿ ನಿಂತೆ. ಅವರು ಅಂಗಡಿಯತ್ತ ಕಣ್ಣೂ ಹಾಯಿಸದೆ ಮುಂದೆ ನಡೆದರು. ಬಂಡಿಯವಳು "ಏಮಿ ಕಾವಾಲಮ್ಮಾ?" ಎಂದು, ಏನು ಬೇಕೆಂದು ಗದರಿದಂತೆ ಕೇಳಿದ್ದಕ್ಕೆ ಬೇಡದ ಎರಡು ಕಿಲೋ ತೊಂಡೆಕಾಯಿ ಹೊತ್ತು ತಂದೆ.

"ಖರೇ ಹೇಳ್ರಿ, ಏನ್ ತಿನ್ನಾಕತ್ತೀರಿ?" ಎಂದು ಕೊನೆಗೆ ಕೇಳಿಯೇಬಿಟ್ಟೆ.

"ನೀ ಹಾಕಿದ್ದನ್ನ ತಿನ್ನಾಕತ್ತೀನಿ. ಮೂರು ದಿನದಿಂದ ತೊಂಡೆಕಾಯಿ."

ಮುಂದಿನ ಸಲ ಸಕ್ಕರೆ ಡಾಕ್ಟರಮ್ಮನ ಹತ್ತಿರ ಹೋದಾಗ ತೆಲುಗಿನಲ್ಲಿ ದೂರು ಕೊಟ್ಟೆ. ಇವರು ಅಲ್ಲಗಳೆಯಲು ಮುಂದೆ ಬಾಗಿ ಬಾಯಿ ತೆರೆದದ್ದೇ ತಡ, ಡಾಕ್ಟರಮ್ಮ ಕುರ್ಚಿಯನ್ನು ಕೊಂಚ ಹಿಂದಕ್ಕೆ ಸರಿಸಿದರು. ಆಮೇಲೆ ಟಾರ್ಚ್ ಹಿಡಿದು ಬಾಯೊಳಗೆ ನೋಡಿ, "ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ" ಎಂದರು.

ಮಲ್ಕಾಜ್‌ಗಿರಿಯ ಹಲ್ಲಿನ ಡಾಕ್ಟರು ಬೀದರ ಕಡೆಯ ಹುಡುಗಿ.

"ಕಾಕಾ, ಈ ಕಡಿ ಅಗಿಯೋದೇ ಇಲ್ಲೇನ್ರಿ?"

"ಈಗ ನೋವೇನಿಲ್ಲವ್ವಾ."

"ನೋವಿಲ್ಲಂತ ಬಿಟ್ರ ಹೆಂಗ್ರಿ? ಅಗಿಯಲಾರದ ಕಡಿ ಹೊಲಸು ಕಟ್ಟಿ ಕಲ್ಲಾಗ್ಯದ. ಬ್ರಶ್ಶೂ ನೆಟ್ಟಗ ಆಡಿಸಿಲ್ಲ. ವಸಡಿನಾಗ ಕೀವು ಅದ. ಹಿಂಗ ಇದ್ರ ಸಕ್ಕರಿ ಲಗೂನ ಇಳಿಯಂಗಿಲ್ಲ. ಸಕ್ಕರಿ ಏರಿದ್ರ ವಸಡು ಮತ್ತ ಕೆಡತದ."

ಬಾಯಿ ತೆರೆದು ಮಲಗಿದ್ದ ಯಜಮಾನರು ಮೆಲ್ಲಗೆ ನನ್ನತ್ತ ಒಂದು ಕಣ್ಣು ಹೊರಳಿಸಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಒಂದು ಹಲ್ಲು ಕಿತ್ತರು. ಉಳಿದವನ್ನು ಮೂರು ಸಲ ಕರೆಸಿಕೊಂಡು ಸ್ವಚ್ಛ ಮಾಡಿದರು. ಕೆಲವು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂತು. ಮಾತ್ರೆ, ನಡಿಗೆಗಳ ಪಾಲೂ ಇದೆ ಎಂದು ಡಾಕ್ಟರಮ್ಮ ಹೇಳಿದ್ದು ಇವರ ಕಿವಿಗೆ ಬೀಳಲೇ ಇಲ್ಲ.

"ತಪ್ಪಾತ್ರಿ" ಎಂದೆ.

"ಏನಂದಿ? ಕೇಳಿಸಲಿಲ್ಲ."

ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು. ನಿಜಕ್ಕೂ ಮನಸ್ಸಿಗೆ ಚುಚ್ಚಿದ್ದು ಬೇರೆಯೇ. ಜೇಬು ಮೂಸಿದ ನಾನು, ದಿನಾ ಎದುರಿಗೆ ಕೂತು ಉಣ್ಣುವ ಮನುಷ್ಯ ಒಂದೇ ಕಡೆ ಅಗಿಯುವುದನ್ನು ನೋಡಿರಲಿಲ್ಲ.

ಕೊನೆಯ ಭೇಟಿಯ ದಿನ ಆ ಹುಡುಗಿ, "ಕಾಕೂ, ನೀವೂ ಒಮ್ಮೆ ಕುಂದರ್ರಿ" ಎಂದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದೆ.

"ಇಲ್ಲವ್ವಾ, ಹಾಲು ನಾನೇ ಕಾಸಿಟ್ಟು ಬಂದೀನಿ" ಎಂದರು ಯಜಮಾನರು, ಬಾಗಿಲಿಗೆ ಅಡ್ಡ ನಿಂತು.

ನನ್ನವೂ ಎರಡು ಹಲ್ಲು ಹುಳುಕಾಗಿದ್ದವು. ಚುಚ್ಚುಮದ್ದಿನಿಂದ ಅರ್ಧ ಮುಖ ಮರಗಟ್ಟಿ ನನಗೆ ತುಟಿ ಅಲುಗಿಸಲೂ ಆಗಲಿಲ್ಲ. ಮಲ್ಕಾಜ್‌ಗಿರಿಯಿಂದ ಮನೆಯವರೆಗೂ ಆಟೋದಲ್ಲಿ ಅವರೊಬ್ಬರೇ ಮಾತಾಡಿದರು.