ಜೀಪಿಗೆ ತೆಗೆದ ಅಳತೆ

ನನ್ನ ಸೋದರಮಾವ ದರ್ಜಿ. ಪ್ಯಾಂಟು ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಹೇಳಿದ ದಿನಕ್ಕೆ ಕೊಡುವ ವಿಷಯ ಬಂದಾಗ ಮಾತ್ರ ಆ ಕೈ ಸ್ವಲ್ಪ ಇಳಿಯುತ್ತದೆ. ಅಂಗಡಿಯಲ್ಲಿ ಅವರು ಕತ್ತರಿಸಿ ಹೊಲಿಯುತ್ತಾರೆ, ಅತ್ತೆ ಇಸ್ತ್ರಿ ಮಾಡುತ್ತಾರೆ, ಕಾಜಾ ಹೊಲಿದು ಗುಂಡಿ ಹಾಕುವುದು ನನ್ನ ಪಾಲು. ಬೆಳಗಿನಿಂದ ಸಂಜೆಯವರೆಗೆ ಮೂವರೂ ಒಂದೇ ಕೋಣೆಯಲ್ಲಿ ಇರುವುದರಿಂದ ಯಾರ ಹೊಟ್ಟೆಯಲ್ಲಿ ಏನಿದೆ ಎಂಬುದು ನಮ್ಮಲ್ಲಿ ಗುಟ್ಟಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ಈ ಮಾವನಿಗೆ ತಲೆ ನರೆಯುವ ಹೊತ್ತಿಗೆ ಜೀಪಿನ ಹುಚ್ಚು ಹಿಡಿಯಿತು. ಈ ವಯಸ್ಸಿನಲ್ಲಿ ಇದೇನು ಎಂದು ಕೇಳಿದವರಿಗೆಲ್ಲ ಅವರ ಉತ್ತರ ಒಂದೇ.

"ಮದುವೆಗೆ ಮುಂಚಿನಿಂದ ಕಾಲಲ್ಲಿ ಚಕ್ರ ತಿರುಗಿಸ್ತಾನೇ ಇದೀನಿ. ಒಂದ್ ಗೇಣು ಮುಂದೆ ಹೋಗಿದೀನಾ?"

ಹೊಲಿಗೆ ಯಂತ್ರದ ಮೇಲೆ ಹೊರಿಸಿದ ಈ ದೂರು ನಿಜವೇ ಆದ್ದರಿಂದ ಯಾರೂ ಎದುರಾಡಲಿಲ್ಲ. ಹಳೆಯ ಜೀಪೊಂದು ಮನೆ ಮುಂದೆ ಬಂದು ನಿಂತಿತು. ಬಂದದ್ದೇ ತಡ, ಮಾವ ಅದಕ್ಕೆ ದಪ್ಪ ದಪ್ಪ ಟೈರು ಹಾಕಿಸಿದರು. ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನ ಹಾಗೆ ಜೀಪಿನ ಕಾಲುಗಳು ಮೈಯಿಂದ ಆಚೆಗೆ ಚಾಚಿಕೊಂಡವು. ಮಾವ ಅದರ ಸುತ್ತ ಹೊಸ ಅಳಿಯನನ್ನು ನೋಡುವ ಹಾಗೆ ನೋಡುತ್ತ ತಿರುಗಿದರು.

ಭಾನುವಾರ ಬಂತೆಂದರೆ ಹಗ್ಗ, ಜಾಕು, ಸ್ಪಾನರು ಪೆಟ್ಟಿಗೆ, ಹಾರೆ, ನೀರಿನ ಕ್ಯಾನು ತುಂಬಿಕೊಂಡು ಊರಾಚೆಯ ಹಾಳುಬಿದ್ದ ಕಲ್ಲುಗಣಿಗೆ ಹೊರಡುವರು. ಅಲ್ಲಿ ಹಳ್ಳ, ದಿಣ್ಣೆ, ಮೊಣಕಾಲುದ್ದ ಕೆಸರು. ಕೆಸರಿಗೆ ಇಳಿಯುವುದು, ಸಿಕ್ಕಿಕೊಳ್ಳುವುದು, ಹೇಗೋ ಹೊರಗೆ ಬರುವುದು, ಮತ್ತೆ ಅಲ್ಲೇ ಇಳಿಯುವುದು. ಇದರಲ್ಲಿ ಏನು ಸುಖವೋ ನನ್ನ ತಲೆಗೆ ಇಂದಿಗೂ ಹತ್ತಿಲ್ಲ. ಸಂಜೆ ವಾಪಸು ಬಂದಾಗ ಜೀಪು ಎಲ್ಲಿ ಮುಗಿಯಿತು, ಮಾವ ಎಲ್ಲಿ ಶುರುವಾದರು ಎಂದು ಹೇಳುವುದು ಕಷ್ಟ. ಮುಖ ಮಾತ್ರ ಅರಳಿರುತ್ತಿತ್ತು. ಅತ್ತೆ ಬಾಗಿಲಿಗೆ ಬಂದು, ನೀರಿನ ಬಕೆಟ್ಟು ಇಟ್ಟು ಒಳಗೆ ಹೋಗುವರು.

ಗಣಿಯಲ್ಲಿ ಎಷ್ಟು ಕೆಸರು ಹಾರಿದರೂ ಕೇಳುವವರಿಲ್ಲ. ಊರಿನೊಳಗೆ ಹಾಗಲ್ಲ. ನಮ್ಮ ಬೀದಿಯ ತಿರುವಿನಲ್ಲಿ ನಲ್ಲಿಯ ಪೈಪು ಒಡೆದು ಒಂದು ಗುಂಡಿ ಯಾವಾಗಲೂ ತುಂಬಿರುತ್ತದೆ. ಒಂದು ಬೆಳಿಗ್ಗೆ ನಿವೃತ್ತ ಪೋಸ್ಟ್‌ಮಾಸ್ತರರು ನಮ್ಮಲ್ಲಿ ಹೊಲಿಸಿದ ಬಿಳಿ ಅಂಗಿಯನ್ನು ಅಂಗಡಿಯಲ್ಲೇ ತೊಟ್ಟು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು, ಖುಷಿಯಿಂದ ಬೀದಿಗೆ ಇಳಿದರು. ಅದೇ ಹೊತ್ತಿಗೆ ದಾರದ ಉಂಡೆ ತರಲು ಹೋಗಿದ್ದ ಮಾವ ಜೀಪಿನಲ್ಲಿ ತಿರುವಿಗೆ ಬಂದರು. ದಪ್ಪ ಟೈರು ಗುಂಡಿಗೆ ಬಿತ್ತು. ಪೋಸ್ಟ್‌ಮಾಸ್ತರರು ತಲೆಯಿಂದ ಕಾಲಿನವರೆಗೆ ಬಣ್ಣ ಬದಲಾಯಿಸಿದರು.

ಅವರು ಬೈಯಲಿಲ್ಲ. ಅಂಗಿ ಕಳಚಿ, ಬನಿಯನ್ನಿನಲ್ಲೇ ವಾಪಸು ಬಂದು, ಅತ್ತೆಯ ಇಸ್ತ್ರಿ ಮೇಜಿನ ಮೇಲೆ ಅದನ್ನು ಹಾಸಿ, ಕುರ್ಚಿ ಎಳೆದುಕೊಂಡು ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತೆ ಅಂಗಿಯನ್ನು ಒಗೆದು ಹರವಿ ಬಂದು, ಮಾವನ ಯಂತ್ರದ ಎದುರು ನಿಂತರು.

"ಇನ್ನೊಂದ್ಸಲ ಈ ಜೀಪಿಂದ ಯಾರ ಮೈಮೇಲಾದ್ರೂ ಕೆಸರು ಹಾರ್ಲಿ, ಅವತ್ತೇ ಮಾರ್ಬಿಡ್ಬೇಕು. ಮಾತು ಕೊಡಿ."

ಮಾವ ಮಾತು ಕೊಟ್ಟರು. ಕೊಡದೆ ಗತಿಯಿರಲಿಲ್ಲ, ಬನಿಯನ್ನು ಎದುರಿಗೇ ಕೂತಿತ್ತು. ಆದರೆ ಕೊಟ್ಟ ಮೇಲೆ ಅವರ ಮುಖ ನೋಡಲಾಗಲಿಲ್ಲ. ನಮ್ಮ ಬೀದಿಯಲ್ಲಿ ಆ ಗುಂಡಿ ತಪ್ಪಿಸಿ ಜೀಪು ಹೊರಡುವಂತಿಲ್ಲ, ಜನ ಇಲ್ಲದ ಹೊತ್ತೂ ಇಲ್ಲ. ಜೀಪು ಇವತ್ತಲ್ಲ ನಾಳೆ ಹೋಗುವುದು ಖಂಡಿತ. ಅವರಿಗೆ ಅನ್ನ ಸೇರಲಿಲ್ಲ. ಎಷ್ಟೇ ಗೇಲಿ ಮಾಡುತ್ತಿದ್ದರೂ ನನಗೆ ನಿಜವಾಗಿ ಸಂಕಟವಾಯಿತು.

ದಾರಿ ತೋರಿಸಿದವನು ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್. "ಮಡ್‌ಫ್ಲ್ಯಾಪ್ ಹಾಕ್ಸಿ ಮಾಸ್ಟ್ರೇ, ಒಂದ್ ಹನಿ ಹಾರಲ್ಲ" ಎಂದ. ಚಕ್ರದ ಹಿಂದೆ ನೇತಾಡುವ ರಬ್ಬರ್ ಹಾಳೆ ಅದು. ಮಾವನ ಟೈರಿನ ಅಗಲಕ್ಕೆ ಸಿದ್ಧವಾಗಿ ಸಿಗುವಂಥದ್ದು ಯಾವುದೂ ಸಾಲದು, ದಪ್ಪ ರಬ್ಬರ್ ತಂದು ಬೇಕಾದ ಹಾಗೆ ಕತ್ತರಿಸಿ ಹಾಕಬೇಕು. "ಗಾಡಿ ಬಿಟ್ಟು ಹೋಗಿ, ನಾನೇ ಅಳತೆ ತೆಗೆದು ಹಾಕ್ಕೊಡ್ತೀನಿ" ಎಂದು ಪಾಪ ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಮಾವನಿಗೆ ಎಲ್ಲಿಗೆ ತಾಗಿತೋ. "ಅಳತೆ ನೀನು ತೆಗೀತೀಯಾ? ನನ್ ಮುಂದೆ? ತೂತು ಹೊಡೆಯೋದಷ್ಟೇ ನಿನ್ ಕೆಲಸ, ಉಳಿದಿದ್ದು ನಂಗೆ ಬಿಡು."

ಅಳತೆಗೆ ನಿಂತವರಿಗೆ ನಮ್ಮ ಮಾವನ ಅಂಗಡಿಯಲ್ಲಿ ಕಟ್ಟುನಿಟ್ಟಿನ ಶಿಸ್ತು. ಜೇಬು ಖಾಲಿ ಮಾಡಬೇಕು, ನೆಟ್ಟಗೆ ನಿಲ್ಲಬೇಕು, ಅತ್ತಿತ್ತ ಅಲುಗಾಡಬಾರದು. ಜೀಪಿಗೂ ರಿಯಾಯಿತಿ ಸಿಗಲಿಲ್ಲ. ಹಗ್ಗ, ಜಾಕು, ಹಾರೆ, ಪೆಟ್ಟಿಗೆ ಎಲ್ಲವನ್ನೂ ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟರು. ಮೈ ತೊಳೆಸಿ, ಸಮ ನೆಲದಲ್ಲಿ ನಿಲ್ಲಿಸಿದರು. ಕೊರಳಿಗೆ ಟೇಪು, ಕಿವಿಯ ಸಂದಿಗೆ ಸೀಮೆಸುಣ್ಣ. ಮಂಡಿಯೂರಿ ಕೂತು, "ಕಾಲುದ್ದ ಬರ್ಕೊಳ್ಳೇ" ಎಂದು ನನಗೆ ಆಜ್ಞೆ ಮಾಡಿದರು. ಹಳೆಯ ಪತ್ರಿಕೆಯಲ್ಲಿ ನಮೂನೆ ಕತ್ತರಿಸಿ ರಬ್ಬರಿನ ಮೇಲಿಟ್ಟು ಗೀಟು ಎಳೆದರು. ಆಮೇಲೆ ಏನೋ ಹೊಳೆದು ತಲೆಯೆತ್ತಿದರು.

"ಒಗೆದ್ರೆ ಇದು ಕುಗ್ಗುತ್ತಾ?"

"ನೀವು ಒಗೀಬೇಡಿ ಮಾಸ್ಟ್ರೇ" ಎಂದ ಮೆಕ್ಯಾನಿಕ್.

ರಬ್ಬರಿನ ಅಂಚು ನೆಲದಿಂದ ಎರಡೇ ಬೆರಳು ಮೇಲೆ ನಿಂತಿತು. ಅಷ್ಟು ಉದ್ದ ಬೇಡ, ಚಕ್ರಕ್ಕೂ ತೀರ ಅಂಟಿಕೊಂಡಿದೆ ಎಂದು ಮೆಕ್ಯಾನಿಕ್ ಗೊಣಗಿದ. ಗಿಡ್ಡ ಮಾಡಿದರೆ ಕಾಲು ಕಾಣುತ್ತದೆ, ನೋಡುವವರು ನಗುತ್ತಾರೆ ಎಂದು ಮಾವ ಬಾಯಿ ಮುಚ್ಚಿಸಿದರು. ಮೊದಲು ತಂತಿಯಿಂದ ಕಟ್ಟಿ ಟ್ರಯಲ್ ನೋಡಿದರು. ದೂರ ನಿಂತು, ಒಂದು ಕಣ್ಣು ಮುಚ್ಚಿ, ಎಡಗಡೆ ಕೂದಲೆಳೆಯಷ್ಟು ಎತ್ತಿದೆ ಎಂದು ಬಿಚ್ಚಿ ಮತ್ತೆ ಕತ್ತರಿಸಿದರು. ಬೋಲ್ಟುಗಳ ನಡುವಿನ ಅಂತರವನ್ನೂ ಬಿಡಲಿಲ್ಲ, ಅಂಗಿಯ ಗುಂಡಿಯ ಹಾಗೆ ಸಮನಾಗಿ ಬರಬೇಕೆಂದು ಡ್ರಿಲ್ಲು ಹಿಡಿದವನ ಭುಜದ ಮೇಲೆ ಬಾಗಿ ನಿಂತರು. ಆ ಬಡಪಾಯಿ ಹಲ್ಲು ಕಚ್ಚಿಕೊಂಡು ತೂತು ಹೊಡೆದ. ಆದರೂ ಒಪ್ಪಬೇಕು, ಕೆಲಸ ಮುಗಿದಾಗ ಜೀಪು ಮದುವಣಿಗನ ಹಾಗೆ ಕಾಣುತ್ತಿತ್ತು.

ಪರೀಕ್ಷೆ ಏರ್ಪಡಿಸಿದವರು ಅತ್ತೆ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟು, ಗುಂಡಿಯ ಪಕ್ಕದಲ್ಲೇ ಹೋಗಿ ನಿಂತರು. "ಊರವರ ಬಟ್ಟೆ ಯಾಕೆ, ನನ್ ಮೇಲೇ ಆಗ್ಲಿ, ಬನ್ನಿ" ಎಂದರು. ಪೋಸ್ಟ್‌ಮಾಸ್ತರರೂ ನೋಡಲು ಬಂದಿದ್ದರು, ಬಹಳ ದೂರದಲ್ಲಿ. ಮಾವ ಖಾಲಿ ಜೀಪು ಹತ್ತಿ, ಉಸಿರು ಬಿಗಿಹಿಡಿದು ಗುಂಡಿಗೆ ಇಳಿಸಿದರು. ನೀರು ಎದ್ದಿತು, ರಬ್ಬರಿಗೆ ಬಡಿಯಿತು, ಅಲ್ಲೇ ಸುಮ್ಮನೆ ಸುರಿದುಹೋಯಿತು. ಅತ್ತೆಯ ಮೇಲೆ ಒಂದು ಹನಿಯೂ ಇಲ್ಲ. ಮಾವ ಸಾಲದೆಂಬಂತೆ ಸುತ್ತು ಹಾಕಿ ಬಂದು ಇನ್ನೊಮ್ಮೆ ಇಳಿಸಿದರು. ಆಗಲೂ ಇಲ್ಲ.

"ಸರಿ, ಇರ್ಲಿ ನಿಮ್ ಜೀಪು" ಎಂದು ಅತ್ತೆ ಮನೆಯ ಕಡೆ ತಿರುಗಿದರು.

ಮಾವನಿಗೆ ಸ್ವರ್ಗ ಮೂರೇ ಗೇಣು. ಅಂಗಳದಲ್ಲಿದ್ದ ಸಾಮಾನನ್ನೆಲ್ಲ ಎತ್ತಿ ಜೀಪಿನ ಹಿಂದಕ್ಕೆ ತುಂಬುತ್ತ, ಆ ಹುಮ್ಮಸ್ಸಿನಲ್ಲೇ ಅತ್ತೆಗೆ, "ಹತ್ತು, ಒಂದ್ ಸುತ್ತು ಹೋಗ್ಬರೋಣ" ಎಂದುಬಿಟ್ಟರು. ಮಾತು ಬಾಯಿ ಜಾರಿ ಬಂದದ್ದು ನನಗೂ ಗೊತ್ತಾಯಿತು. ಅತ್ತೆ ಜೀಪಿನ ಕಡೆ ತಿರುಗಿದರು. ಮೆಟ್ಟಿಲು ಹತ್ತುವಾಗ ಮೊಣಕಾಲು ಮೊಣಕಾಲು ಎನ್ನುವ ಹೆಂಗಸು, ಬಾಗಿಲಿಲ್ಲದ ಆ ಜೀಪನ್ನು ಒಂದೇ ಹೆಜ್ಜೆಗೆ ಹತ್ತಿ ಮಾವನ ಪಕ್ಕ ಕೂತರು. ಅತ್ತೆ ಸ್ವಲ್ಪ ಮೈಕೈ ತುಂಬಿಕೊಂಡವರು. ಜೀಪು ಹಿಂಬದಿಯಿಂದ ಒಂದು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ನಾವು ಯಾರೂ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಗಾಡಿ ತಿರುಗಿಸಲು ಗುಂಡಿಯ ತಿರುವಿನವರೆಗೆ ಹಿಂದಕ್ಕೆ ಬರಬೇಕಿತ್ತು. ನಾನು ಹಿಂದೆ ನಿಂತು "ಬನ್ನಿ, ಬನ್ನಿ" ಎಂದು ಕೈ ಬೀಸುತ್ತಿದ್ದೆ. ನೆಲಕ್ಕೆ ತಾಗಿಕೊಂಡಿದ್ದ ರಬ್ಬರನ್ನು ಚಕ್ರ ಮೆಟ್ಟಿ ಕೆಳಗೆ ಎಳೆದುಕೊಂಡಿತು. ಚರ್ರೆಂದು ಸದ್ದಾಯಿತು. ಬೋಲ್ಟು ಸಮೇತ ಅದು ಕಿತ್ತು ಬಿತ್ತು, ಚಕ್ರ ಗುಂಡಿಗೆ ಜಾರಿತು, ಗಾಬರಿಯಲ್ಲಿ ಮಾವ ಮುಂದಿನ ಗೇರು ಹಾಕಿ ಆಕ್ಸಿಲರೇಟರ್ ಒತ್ತಿದರು. ಮುಂದಿನದನ್ನು ನಾನು ಕಣ್ಣು ಮುಚ್ಚಿಕೊಂಡೇ ಅನುಭವಿಸಿದೆ.

ಕಣ್ಣು ಒರೆಸಿಕೊಂಡು ನೋಡುವಾಗ ಮಾವ ಎಂಜಿನ್ ನಿಲ್ಲಿಸಿದ್ದರು. ಹೊಲಿಗೆ ಸೊಟ್ಟಗಾದರೆ ಬಟ್ಟೆಯ ಮೇಲೆ, ಸೂಜಿಯ ಮೇಲೆ, ಹಾಕಿಕೊಂಡವನ ಮೈಮೇಲೆ ಹೊರಿಸುವ ನಮ್ಮ ಮಾವ ಅವತ್ತು ಒಂದು ನೆಪವನ್ನೂ ಹೇಳಲಿಲ್ಲ. ಕೀ ತೆಗೆದು ಅತ್ತೆಯ ಕೈಯಲ್ಲಿಟ್ಟರು.

"ಮಾತು ಕೊಟ್ಟಿದ್ದೆ. ಮಾರ್ಬಿಡು."

"ನಾನು ಮನೆಯವಳು ಮಾವ, ಲೆಕ್ಕಕ್ಕಿಲ್ಲ" ಎಂದೆ, ಬಾಯಿಗೆ ಹೋಗಿದ್ದ ಕೆಸರನ್ನು ಉಗಿದು. ಯಾರೂ ಕಿವಿಗೊಡಲಿಲ್ಲ.

ಸದ್ದು ಕೇಳಿ ಓಡಿಬಂದ ಮೆಕ್ಯಾನಿಕ್ ಜೀಪಿನ ಹಿಂದೆ ಕೂತು ಇಣುಕಿದ. "ಮಾಸ್ಟ್ರೇ, ಅಳತೆ ತೆಗೆದಾಗ ಗಾಡಿ ಖಾಲಿ ಇತ್ತಲ್ವಾ? ಈಗ ಸ್ವಲ್ಪ... ಕೂತಿದೆ."

"ಯಾರು ಕೂತಿದ್ದಕ್ಕೆ?" ಎಂದರು ಅತ್ತೆ.

"ಸಾಮಾನು ಅಕ್ಕಾ. ಜಾಕು, ಹಾರೆ, ತುಂಬ ಭಾರ ನೋಡಿ" ಎಂದು ಅವನು ತಲೆ ಕೆಳಗೆ ಹಾಕಿಕೊಂಡ.

ಅತ್ತೆ ನಗುತ್ತಾರೆಂದು ಕಾದೆ. ನಗಲಿಲ್ಲ. ಕೈಯಲ್ಲಿದ್ದ ಕೀಯನ್ನೇ ನೋಡುತ್ತ ಮಾತಾಡಿದರು.

"ಅಳತೆಗೆ ಅಂತ ಜೀಪಿನ ಜೇಬಲ್ಲಿದ್ದಿದ್ದೆಲ್ಲ ತೆಗೆಸಿದ್ರಿ. ನಾನು ಜೇಬಲ್ಲೂ ಇರ್ಲಿಲ್ವಲ್ಲ. ಈ ಜೀಪ್ ಬಂದಾಗಿಂದ ಒಂದ್ ದಿನ, ನೀನೂ ಬರ್ತೀಯಾ ಅಂತ ಕೇಳಿದ್ರಾ?"

"ನಿಂಗೆ ಕೆಸರು ಆಗಲ್ಲ ಅಂದ್ಕೊಂಡೆ."

"ಕೆಸರು ಯಾರಿಗ್ರೀ ಆಗುತ್ತೆ? ನೀವು ಯಂತ್ರದ ಮುಂದೆ ಕೂತಷ್ಟು ವರ್ಷ ನಾನೂ ಅದೇ ಕೋಣೇಲಿ ನಿಂತಿದೀನಿ. ನನ್ ಇಸ್ತ್ರಿ ಪೆಟ್ಟಿಗೆ ಎಲ್ಲಿಗೆ ಹೋಗಿದೆ? ಮೇಜಿನ ಆ ತುದಿಗೆ ಹೋಗಿ ಈ ತುದಿಗೆ ಬರುತ್ತೆ. ನಂಗೂ ಎಲ್ಲಿಗಾದ್ರೂ ಹೋಗ್ಬೇಕು ಅನ್ಸಲ್ವಾ?"

ಆ ಕೋಣೆಯಲ್ಲಿ ಅವರ ಪಕ್ಕದಲ್ಲೇ ಕಾಜಾ ಹೊಲಿಯುತ್ತ ಕೂತಿದ್ದ ನನಗೂ ಇದು ಗೊತ್ತಿರಲಿಲ್ಲ. ನಾಚಿಕೆಯಾಯಿತು. ಮಾವ ಕೆಳಗಿಳಿದು ಕೊರಳಿಗೆ ಟೇಪು ಹಾಕಿಕೊಂಡರು. ಅತ್ತೆಯೂ ಇಳಿಯಲು ಹೊರಟಾಗ, "ನೀನು ಇಳೀಬೇಡ, ಅಲ್ಲೇ ಕೂತಿರು" ಎಂದರು.

ಜೀಪನ್ನು ಗುಂಡಿಯಿಂದ ಮುಂದಕ್ಕೆ ತಳ್ಳಿದೆವು, ಅತ್ತೆಯನ್ನು ಕೂರಿಸಿಕೊಂಡೇ. ಮಾವ ಕೆಸರಲ್ಲೇ ಮಂಡಿಯೂರಿ ಮತ್ತೆ ಅಳತೆ ತೆಗೆದರು. ಉಳಿದಿದ್ದ ರಬ್ಬರ್ ಹಾಸಿ, ಚಕ್ರಕ್ಕೆ ಜಾಗ ಬಿಟ್ಟು, ಈ ಸಲ ಮೆಕ್ಯಾನಿಕ್ ಹೇಳಿದಷ್ಟೇ ಗಿಡ್ಡವಾಗಿ ಗೀಟು ಎಳೆದರು. ಅವನು ಗೀಟನ್ನು ನೋಡಿ ಕೆನ್ನೆ ಕೆರೆದುಕೊಂಡ.

"ಇದು ಅಕ್ಕ ಕೂತಾಗಿನ ಅಳತೆ ಮಾಸ್ಟ್ರೇ. ಇಷ್ಟಕ್ಕೆ ಕತ್ತರಿಸಿದ್ರೆ, ನೀವು ಒಬ್ರೇ ಹೋದಾಗ ಹಿಂದ್ಗಡೆ ಎತ್ತರ ಆಗಿ ಕೆಸರು ಹಾರುತ್ತೆ. ಯೋಚ್ನೆ ಮಾಡಿ."

"ಒಬ್ನೇ ಯಾಕ್ ಹೋಗ್ಲಿ?" ಎಂದು ಮಾವ ಗೀಟಿನ ಮೇಲೆ ಕತ್ತರಿಸಿದರು.

ಅತ್ತೆ ಕೀಯನ್ನು ಅದರ ಜಾಗಕ್ಕೆ ಸೇರಿಸಿ, ಜೀಪಿನ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕೂದಲು ಸರಿಮಾಡಿಕೊಳ್ಳತೊಡಗಿದರು.