ಜಯಕ್ಕನ ಮುನ್ನೂರ ಇಪ್ಪತ್ತು

ನನ್ನ ಅಕ್ಕ ಜಯಲಕ್ಷ್ಮಿ ಹತ್ತೊಂಬತ್ತು ಮನೆಗಳಿಗೆ ಹೋಗಿ, ತಾನೇ ಮಾಡಿಕೊಟ್ಟ ಹತ್ತೊಂಬತ್ತು ಬಾಗಿಲುಗಳನ್ನು ಮತ್ತೆ ಅಳೆದಳು. ಟೇಪಿನ ಮೇಲಿನ ತುದಿ ಅವಳ ಕೈಯಲ್ಲಿ, ಕೆಳಗಿನ ತುದಿ ನನ್ನ ಕೈಯಲ್ಲಿ. ತನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ಅವಳು ಹುಡುಕುತ್ತಿದ್ದಳು. ತಪ್ಪು ಮಾಡಿದವನು ಹೊಸಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದಿದ್ದ. ಒಂದು ಮಾತು ಹೇಳಿದ್ದರೆ ಮೊದಲನೆಯ ಮನೆಯಿಂದಲೇ ವಾಪಸು ಬರಬಹುದಿತ್ತು. ನಾನು ಹೇಳಲಿಲ್ಲ.

ಅಕ್ಕ ತೀರಿಕೊಂಡು ಒಂದು ವರ್ಷವಾಯಿತು. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಮರ ಕೆತ್ತುವುದು ನನ್ನ ಕಸುಬು, ಬರೆಯುವುದಲ್ಲ. ಆದರೂ ಊರಿನಲ್ಲಿ ಅವಳ ಬಗ್ಗೆ ಉಳಿದಿರುವ ಮಾತು ಸರಿಯಿಲ್ಲ. ಅದು ಸರಿಯಿಲ್ಲ ಎಂದು ಗೊತ್ತಿರುವವರಲ್ಲಿ ನಾನೊಬ್ಬ. ಅದಕ್ಕಾಗಿ ಬರೆಯುತ್ತಿದ್ದೇನೆ.

ಅಕ್ಕನ ಬಾಯಲ್ಲಿ ‘ಸುಮಾರು’ ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು “ಅತ್ತಕ್ಕ, ಈಗ ಒಂಟೋಯ್ತದೆ” ಎಂದರೆ, “ಈಗ ಅಂದ್ರೆ ಎಷ್ಟು ನಿಮಿಷ?” ಎಂದು ಕೇಳುವಳು. ಅವನು ಐದು ಎಂದರೆ ವಾಚು ನೋಡಿಕೊಂಡು ಹತ್ತುವಳು. ಆರನೆಯ ನಿಮಿಷಕ್ಕೆ ಇಳಿದುಹೋಗಿ, ಟೀ ಕುಡಿಯುತ್ತಿದ್ದ ಅವನ ಮುಂದೆ ನಿಲ್ಲುವಳು. ಬೈಯುತ್ತಿರಲಿಲ್ಲ. ನಿಲ್ಲುತ್ತಿದ್ದಳು, ಅಷ್ಟೆ. ಅವಳು ಹಾಸನಕ್ಕೆ ಹೋಗುವ ದಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತಿತ್ತು.

ಒಮ್ಮೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಗಂಡಿನ ಅಪ್ಪ ಎಲೆಯಡಿಕೆ ಹಾಕಿಕೊಂಡು, “ನಮ್ದೂ ಒಂದೆರಡು ಎಕರೆ ತ್ವಾಟ ಐತೆ” ಎಂದರು. ಒಳಗಿಂದ ಕಾಫಿ ತಂದ ಅಕ್ಕ, “ಒಂದಾ, ಎರಡಾ?” ಎಂದು ಕೇಳಿದಳು. ಅವರು ಕಾಫಿ ಕುಡಿದು ಎದ್ದುಹೋದರು. ಅಮ್ಮ ಮೂರು ದಿನ ಮಾತು ಬಿಟ್ಟಳು. ಅಕ್ಕನಿಗೆ ತಾನು ಮಾಡಿದ ತಪ್ಪೇನು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಹಾಸನದಲ್ಲಿ ಐಟಿಐ ಓದಿ, ಅಲ್ಲಿಯೇ ಒಂದು ವರ್ಕ್‌ಶಾಪಿನಲ್ಲಿ ಹತ್ತು ವರ್ಷ ದುಡಿದು, ಆಮೇಲೆ ಹೊಳೆನರಸೀಪುರದಲ್ಲಿ ಶೀಟಿನ ಶೆಡ್ಡು ಹಾಕಿ ಒಂದು ಹಳೆಯ ಮಿಷನ್ ತಂದಳು. ಜೋಡಿ ಮಂಚದಷ್ಟು ದೊಡ್ಡ ಮೇಜು. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓಡಾಡುವ ಒಂದು ಮೋಟಾರು. ಅದರ ಮೂತಿಗೆ ಕಟ್ಟರ್. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ಮರದಲ್ಲಿ ಕೆತ್ತುತ್ತದೆ. ಹೊಸ ಮನೆಗಳ ಮುಂಬಾಗಿಲು ನಮ್ಮ ಮುಖ್ಯ ಕೆಲಸ. ಬಳ್ಳಿ, ಹೂವು, ಅಂಚು ಮಿಷನ್ನಿನದು. ಮೂಗು, ಕಣ್ಣು, ಆನೆಯ ಸೊಂಡಿಲಿನ ತುದಿ ನನ್ನ ಉಳಿಯದು.

ಎರಡನೆಯ ವರ್ಷ ಕರೆಂಟು ಏರಿಳಿದು ಮಿಷನ್ನಿನ ಮೆದುಳು, ಅಂದರೆ ಅದನ್ನು ನಡೆಸುವ ಪೆಟ್ಟಿಗೆ, ಸುಟ್ಟುಹೋಯಿತು. ಅಕ್ಕ ಬೇರೆ ಪೆಟ್ಟಿಗೆ ಕೂರಿಸಿ, ಅದಕ್ಕೆ ಬಿಟ್ಟಿಯಾಗಿ ಸಿಗುವ ಒಂದು ಸಾಫ್ಟ್‌ವೇರ್ ಹಾಕಿದಳು. ಯಾರೋ ಹತ್ತಾರು ಜನ ಸೇರಿ ಬರೆದು, ಬೇಕಾದವರು ತಗೊಳ್ಳಿ, ಒಳಗೆ ಏನಿದೆಯೆಂದೂ ನೋಡಿಕೊಳ್ಳಿ ಎಂದು ಬಿಟ್ಟಿದ್ದಂಥದ್ದು. ಮುಂಚಿನ ಪೆಟ್ಟಿಗೆ ತನ್ನ ಒಳಗನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಇದು ಎಲ್ಲವನ್ನೂ ತೋರಿಸುತ್ತಿತ್ತು. ಕಷ್ಟ ಅಲ್ಲಿಯೇ ಇತ್ತು. ತೆರೆದರೆ ಬರೀ ಅಂಕಿಗಳ ಪಟ್ಟಿ. ಎಷ್ಟು ವೇಗ, ಎಷ್ಟು ಬೇಗ ವೇಗ ಹಿಡಿಯಬೇಕು, ಮೇಜು ಎಲ್ಲಿ ಮುಗಿಯುತ್ತದೆ, ಯಾವ ಕಡೆ ತಿರುಗಬೇಕು. ಪ್ಯಾರಾಮೀಟರು ಎನ್ನುತ್ತಾರೆ. ಇನ್ನೊಬ್ಬರ ಮಿಷನ್ನಿನ ಅಂಕಿ ನಮ್ಮದಕ್ಕೆ ಆಗುವುದಿಲ್ಲ.

ಅಕ್ಕ ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದಳು. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಅಂಕಿ, ಮೂರನೆಯದರಲ್ಲಿ ಕಾರಣ. ಅಂಕಿಯನ್ನು ಪೆನ್ಸಿಲಿನಲ್ಲಿಯೂ ಕಾರಣವನ್ನು ಪೆನ್ನಿನಲ್ಲಿಯೂ ಬರೆದಳು.

“ಎಲ್ಲಾನೂ ಪೆನ್ನಲ್ಲೇ ಬರಿ ಮತ್ತೆ, ಚೆಂದಾಗಿರ್ತದೆ” ಎಂದೆ.

“ಅಂಗಲ್ಲ ಕಣ್ಲಾ ನಂಜ. ಬೆಲ್ಟ್ ಬದ್ಲಾಯಿಸ್ದಾಗ ಅಂಕಿ ಬದ್ಲಾಯ್ತದೆ. ಕಾರಣ ಬದ್ಲಾಗಾಕಿಲ್ಲ.”

ಆ ಮೂರನೆಯ ಕಾಲಂ ಓದುವಂತಿತ್ತು. ಮೋಟಾರು ವೇಗ ಹಿಡಿಯುವ ಅಂಕಿಯ ಮುಂದೆ, ‘ಇದಕ್ಕಿಂತ ಅವಸರ ಮಾಡಿದರೆ ಹೆಜ್ಜೆ ತಪ್ಪುತ್ತದೆ, ತಪ್ಪಿದ್ದನ್ನು ಹೇಳುವುದಿಲ್ಲ’ ಎಂದು ಬರೆದಿದ್ದಳು. ಬೆಳಿಗ್ಗೆ ಮಿಷನ್ ಹಾಕಿದಾಗ ಅದು ಮೊದಲು ಮೂಲೆಗೆ ಹೋಗಿ ಸ್ವಿಚ್ಚು ಮುಟ್ಟಿ ಬರುತ್ತದೆ. ಅದರ ಮುಂದೆ, ‘ತವರಿಗೆ ಹೋಗಿ ಬಂದ ಮೇಲೆಯೇ ತಾನೆಲ್ಲಿದ್ದೇನೆ ಎಂದು ತಿಳಿಯುವುದು’ ಎಂದಿತ್ತು. ಉದ್ದದ ಕಡೆಯ ಹೆಜ್ಜೆಗಳ ಸಾಲು ಹೀಗಿತ್ತು: ‘ಮೋಟಾರು ಒಂದು ಸುತ್ತಿಗೆ 1600 ಹೆಜ್ಜೆ. ಒಂದು ಸುತ್ತಿಗೆ ಸ್ಕ್ರೂ 5 ಮಿಲಿಮೀಟರ್ ಸಾಗುತ್ತದೆ. ಭಾಗಿಸು.’ ಅಂಕಿಯ ಜಾಗದಲ್ಲಿ ಪೆನ್ಸಿಲಿನಲ್ಲಿ 320, ಒಂದು ಮಿಲಿಮೀಟರ್ ಸಾಗಲು ಬೇಕಾದ ಹೆಜ್ಜೆ.

ಪ್ರತಿ ಸೋಮವಾರ ಮಿಷನ್ನಿನ ಅಂಕಿಗಳನ್ನು ನೋಟ್‌ಬುಕ್ಕಿಗೆ ತಾಳೆ ನೋಡುವಳು. ನನಗೆ ಹೇಳಿದ್ದು ಒಂದೇ ಮಾತು. “ನೀನು ಮಿಷನ್ ಆಡ್ಸು, ನಿಲ್ಸು, ಒರ್ಸು. ಅಂಕಿ ಮುಟ್ಬೇಡ.”

ಮುಟ್ಟಿದ್ದು ಹಳ್ಳಿಮೈಸೂರಿನ ಬಾಗಿಲಿನ ದಿನ.

ನಮ್ಮ ಕಡೆ ಬಾಗಿಲಿನ ಅಳತೆಗೆ ಆಯ ಕೂಡಿಬರಬೇಕು. ಉದ್ದವನ್ನು ಗುಣಿಸಿ ಭಾಗಿಸಿ, ಉಳಿದ ಶೇಷದಿಂದ ಅದು ಧ್ವಜಾಯವೋ ಕಾಕಾಯವೋ ಎಂದು ಹೇಳುತ್ತಾರೆ. ಧ್ವಜಾಯವಾದರೆ ಮನೆಗೆ ಒಳ್ಳೆಯದು. ಕಾಲಿಂಚು ಆಚೀಚೆಯಾದರೆ ಕಾಗೆ ಬಂದು ಕೂತಂತೆ. ಹಳ್ಳಿಮೈಸೂರಿನ ಗೌಡರು ಪುರೋಹಿತರು ಬರೆದುಕೊಟ್ಟ ಚೀಟಿ ಹಿಡಿದು ಶೆಡ್ಡಿನಲ್ಲಿಯೇ ಕೂತಿದ್ದರು. ಅಕ್ಕ ಒಂದು ನಾಮಕರಣಕ್ಕೆಂದು ದುದ್ದಕ್ಕೆ ಹೋಗಿದ್ದಳು. ಮರಕ್ಕೆ ಹಾಕುವ ಮೊದಲು ಪ್ಲೈವುಡ್ಡಿನಲ್ಲಿ ಒಂದು ಸಲ ಕೊಯ್ದು ನೋಡುವುದು ನಮ್ಮ ಪದ್ಧತಿ. ಅಗಲವನ್ನು ನಾನು ಗರಗಸದಲ್ಲಿ ಕೊಯ್ಯುತ್ತೇನೆ, ಉದ್ದ ಮಾತ್ರ ಮಿಷನ್ನಿನದು. ಕೊಯ್ದು ಅಳೆದರೆ ಉದ್ದ ಆರು ಮಿಲಿಮೀಟರ್ ಕಡಿಮೆ.

“ಏನಪ್ಪಾ, ಕಾಗೆ ಕೂರ್ಸ್ಬುಟ್ಟಲ್ಲ ನಮ್ಮನೇಗೆ” ಎಂದರು ಗೌಡರು. “ನಿಮ್ಮಕ್ಕ ಇಲ್ದಿದ್ರೆ ನಿಂಗೇನೂ ಬರಾಕಿಲ್ವಾ?”

ಆ ಮಾತು ನನಗೆ ತಾಗಿತು. ಕಂಪ್ಯೂಟರಿನ ಮುಂದೆ ಕೂತೆ. ಪಟ್ಟಿ ತೆರೆದೆ. ಉದ್ದದ ಸಾಲಿನಲ್ಲಿದ್ದ 320ನ್ನು 321 ಮಾಡಿದೆ. ಮತ್ತೊಂದು ಪ್ಲೈವುಡ್ಡು ಕೊಯ್ದೆ. ಉದ್ದ ಸರಿಯಾಗಿ ಬಂತು. ಗೌಡರು ತಲೆದೂಗಿದರು. ನಾನು ಎದೆಯುಬ್ಬಿಸಿ ತೇಗಕ್ಕೆ ಹಾಕಿದೆ.

ಮಿಷನ್ ತಪ್ಪಾಗಿತ್ತು, ನಾನು ಸರಿಮಾಡಿದೆ ಎಂದುಕೊಂಡೆ. ನಿಜವಾಗಿ ತಪ್ಪಿದ್ದದ್ದು ಅವತ್ತು ನಾನೇ ಬರೆದ ಚಿತ್ರದಲ್ಲಿ. ಕಟ್ಟರಿನ ದಪ್ಪ ಆರು ಮಿಲಿಮೀಟರ್; ಅದು ಗೆರೆಯ ಮೇಲೆಯೇ ಓಡಿ, ಈ ತುದಿಯಲ್ಲಿ ಮೂರು, ಆ ತುದಿಯಲ್ಲಿ ಮೂರು ತಿಂದಿತ್ತು. ಗೆರೆಯನ್ನು ಅಷ್ಟು ಹೊರಗೆ ಸರಿಸಿದ್ದರೆ ಮುಗಿಯುತ್ತಿತ್ತು. ನಾನು ಒಂದು ಬಾಗಿಲಿಗಾಗಿ ಮಿಷನ್ನಿಗೇ ಅಳತೆ ತಪ್ಪಿಸಿದ್ದೆ.

ಭಾನುವಾರ ಸಂಜೆ ಸೋಮವಾರದ ನೆನಪಾಯಿತು. ಅಕ್ಕ ತಾಳೆ ನೋಡುತ್ತಾಳೆ, ಬೈಯುತ್ತಾಳೆ. ನೋಟ್‌ಬುಕ್ಕು ತೆಗೆದು, ಪೆನ್ಸಿಲಿನ ಸೊನ್ನೆಯನ್ನು ರಬ್ಬರಿನಲ್ಲಿ ಉಜ್ಜಿ, ಅವಳು ಬರೆಯುವ ಹಾಗೆಯೇ ಒಂದು ಬರೆದೆ. ಕೆತ್ತುವವನ ಕೈ, ಗೆರೆ ನಕಲು ಮಾಡುವುದು ಕಷ್ಟವಲ್ಲ. ಸೋಮವಾರ ಅಕ್ಕ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿ, ಎಲ್ಲ ಸರಿಯಿದೆ ಎಂದಳು.

ಮೂರು ವಾರ ಬೇರೆ ಬಾಗಿಲು ಬರಲಿಲ್ಲ. ಆಮೇಲೆ ಬಂದ ಚನ್ನರಾಯಪಟ್ಟಣದ ಒಬ್ಬರ ಬಾಗಿಲಿಗೆ ಹಿತ್ತಾಳೆ ತಟ್ಟೆಯ ಸೂರ್ಯನನ್ನು ಕೂರಿಸಬೇಕಿತ್ತು. ಮಿಷನ್ ಗುಂಡಗೆ ಗುಳಿ ತೋಡಿತು. ತಟ್ಟೆ ಇಟ್ಟರೆ ಮೇಲೆ ಕೆಳಗೆ ಕೂದಲೆಳೆ ಸಂದು. ಗಿರಾಕಿಗೆ ಅದು ಕಾಣಲಿಲ್ಲ. ಅಕ್ಕ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿ ಇಟ್ಟಳು. ಸಂದು ಇದ್ದಲ್ಲಿಯೇ ಇತ್ತು.

“ತಟ್ಟೆ ಸರಿಯಾಗೈತೆ. ನಮ್ಮ ಗುಂಡು ಮೊಟ್ಟೆ ಆಗೈತೆ” ಎಂದಳು.

ನೋಟ್‌ಬುಕ್ಕು ತೆಗೆದಳು. ಸಾವಿರದ ಆರುನೂರು, ಐದರಿಂದ ಭಾಗಿಸು. ಮರದ ಚೂರಿನ ಮೇಲೆ ಮೂರು ಸಲ ಭಾಗಿಸಿದಳು. ಮೂರು ಸಲವೂ ಮುನ್ನೂರ ಇಪ್ಪತ್ತು. ಪುಸ್ತಕದಲ್ಲಿ ಮುನ್ನೂರ ಇಪ್ಪತ್ತೊಂದು, ಅವಳದೇ ಕೈಬರಹದಲ್ಲಿ.

“ನಾಲ್ಕನೇ ಕ್ಲಾಸ್ ಮಕ್ಳು ಮಾಡೋ ಭಾಗಾಕಾರ ಕಣ್ಲಾ” ಎಂದಳು. ಅಂಕಿ ಸರಿಮಾಡಿ ಆ ಬಾಗಿಲನ್ನು ಹೊಸದಾಗಿ ಮಾಡಿಕೊಟ್ಟಳು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಈ ಸಾಫ್ಟ್‌ವೇರ್ ಹಾಕಿದ ಮೇಲೆ ಮಾಡಿದ ಬಾಗಿಲೆಲ್ಲ ತಪ್ಪಾಗಿರಬೇಕು, ಆಯ ನಂಬಿದವರಿಗೆ ಮೋಸವಾಗಿದೆ, ಹೋಗಿ ಅಳೆದು ಹೇಳಬೇಕು ಎಂದು ಅವಳು ಹೊರಟಳು. ಸ್ಕೂಟರ್ ಓಡಿಸುವವನು ನಾನು.

ದುದ್ದದ ಒಂದು ಮನೆಯಲ್ಲಿ ಮುದುಕಿ ಕೇಳಿದಳು. “ಯಾಕವ್ವ ಅಳೀತಿದ್ದೀಯ, ಬಾಗ್ಲು ಬೆಳ್ದೈತಾ?”

“ನಾನೇ ಉದ್ದ ಮಾಡಿದ್ನೇನೋ ಅಂತ ಅನುಮಾನ ಕಣಜ್ಜಿ.”

ಅಳತೆ ಸರಿಯಾಗಿತ್ತು. ಸರಿಯಾಗಿದ್ದರೂ ಅಕ್ಕನಿಗೆ ಸಮಾಧಾನವಿಲ್ಲ. ಕೂರಿಸುವಾಗ ಆಚಾರಿ ಹತ್ತರಿ ಹೊಡೆದು ಹೆಚ್ಚಾದದ್ದನ್ನು ಸವರಿರುತ್ತಾನೆ ಎಂದಳು. ಮುಂದಿನ ಮನೆಯಲ್ಲಿಯೂ ಸರಿಯಾಗಿತ್ತು. ಅಲ್ಲಿಯೂ ಆಚಾರಿ ಸವರಿರುತ್ತಾನೆ ಎಂದಳು. ತಾನು ಸರಿಯಾಗಿ ಮಾಡಿರಬಹುದು ಎಂಬುದೊಂದನ್ನು ಬಿಟ್ಟು ಬೇರೆಲ್ಲವನ್ನೂ ಯೋಚಿಸುತ್ತಿದ್ದಳು. ನಾನು ಟೇಪು ಸುತ್ತುತ್ತಿದ್ದೆ.

ಹಳ್ಳಿಮೈಸೂರಿನಲ್ಲಿ ಮಾತ್ರ ಅವಳು ಬಾಗಿಲ ಮುಂದೆ ಬಹಳ ಹೊತ್ತು ನಿಂತಳು. ಆ ಬಾಗಿಲಿಗೆ ತುದಿಯವರೆಗೂ ಬಳ್ಳಿಯ ಅಂಚಿದೆ. ಹತ್ತರಿ ಹೊಡೆದಿದ್ದರೆ ಬಳ್ಳಿ ತುಂಡಾಗಬೇಕಿತ್ತು. ಆಗಿರಲಿಲ್ಲ. ಉದ್ದ ಕರಾರುವಾಕ್ಕು. ಗೌಡರು ಜಗುಲಿಯಿಂದ, “ಧ್ವಜಾಯ ಐತೆ, ಬಿಡವ್ವ ಅತ್ಲಾಗೆ” ಎಂದು ಕೂಗಿದರು.

ಅಕ್ಕ ನನ್ನ ಕಡೆ ತಿರುಗಿದಳು. “ಮುನ್ನೂರ ಇಪ್ಪತ್ತೊಂದ್ರಲ್ಲಿ ಈ ಬಾಗ್ಲು ಸರಿ ಬರಾಕೆ ಸಾಧ್ಯವೇ ಇಲ್ಲ. ಇದನ್ನ ನೀನಲ್ವಾ ಕೊಯ್ದಿದ್ದು? ಏನಾರ ಮುಟ್ಟಿದ್ಯೇನ್ಲಾ?”

“ಇಲ್ಲ ಕಣಕ್ಕ” ಎಂದೆ.

ಅವಳು ತಕ್ಷಣ ನಂಬಿದಳು. “ಅಂಗಾದ್ರೆ ನಂಗೇ ಗೊತ್ತಾಯ್ತಿಲ್ಲ” ಎಂದು ಸ್ಕೂಟರ್ ಹತ್ತಿದಳು.

ನಾವು ಅಳೆಯುತ್ತಾ ಹೋದಂತೆ ಸುದ್ದಿ ನಮಗಿಂತ ಮುಂದೆ ಹೋಯಿತು. ಜಯಮ್ಮನ ಬಾಗಿಲಿನ ಆಯ ತಪ್ಪಿದೆಯಂತೆ, ಅವಳೇ ಬಂದು ಅಳೆದು ನೋಡುತ್ತಿದ್ದಾಳಂತೆ. ಒಂದು ಮನೆಯವರು ಎಮ್ಮೆ ಹಾಲು ಬತ್ತಿಸಿದ್ದು ಬಾಗಿಲಿನಿಂದ ಎಂದರು. ಎಮ್ಮೆ ಗಬ್ಬವಾಗಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಗಿಲು ಮಾಡಿಸುವವರು ಬರುವುದು ನಿಂತಿತು.

ಅದಕ್ಕಿಂತ ಕೆಟ್ಟದ್ದು ಶೆಡ್ಡಿನ ಒಳಗೆ ನಡೆಯಿತು. ಅಕ್ಕ ಒಂದು ಅಳತೆ ತೆಗೆದು, ಟೇಪನ್ನು ನನ್ನ ಕೈಗೆ ಕೊಟ್ಟು, “ನೀನೊಂದ್ಸಲ ಓದ್ಲಾ, ನನ್ ಕಣ್ಣು ನಂಬಂಗಿಲ್ಲ” ಎನ್ನತೊಡಗಿದಳು. ನಾನು ಓದುತ್ತಿದ್ದೆ. ಪ್ರತಿ ಸಲವೂ ಅವಳು ಓದಿದ್ದೇ ಸರಿ ಇರುತ್ತಿತ್ತು. “ಸರಿಯಾಗೈತಕ್ಕ” ಎಂದರೆ, “ಸುಮ್ನೆ ನನ್ ಸಮಾಧಾನಕ್ಕೆ ಏಳ್ಬೇಡ” ಎನ್ನುವಳು. ಅಡುಗೆಗೆ ಉಪ್ಪು ಹಾಕಿ ಅಮ್ಮನನ್ನು ಕೇಳುವಳು. ಬಸ್ಸಿನಲ್ಲಿ ಕಂಡಕ್ಟರು “ಈಗ” ಎಂದರೆ ಸುಮ್ಮನೆ ಕೂರುವಳು.

ಕೊನೆಗೆ ಮಿಷನ್ನನ್ನು ಅರಕಲಗೂಡಿನ ಶಿವಸ್ವಾಮಿ ಎಂಬ ಮರದ ಕೆಲಸದವರಿಗೆ ಮಾರಿದಳು. ಅದನ್ನು ಕೂರಿಸಿಕೊಡಲು ಇಬ್ಬರೂ ಹೋದೆವು. ನಾವು ಒಟ್ಟಿಗೆ ಕೆಲಸಕ್ಕೆ ಹೋದದ್ದು ಅದೇ ಕೊನೆ. ಮೂರು ತಿಂಗಳಿಗೆ ಅವಳು ಎದೆನೋವೆಂದು ಮಲಗಿದವಳು ಏಳಲಿಲ್ಲ.

ಅವತ್ತು ಶಿವಸ್ವಾಮಿಯವರಲ್ಲಿ ಮಿಷನ್ ಕೂರಿಸಿ ಹಾಕಿದಾಗ ಅದು ಮೂಲೆಗೆ ಹೋಗಿ ಬಂತು. ಅಕ್ಕ ನೋಟ್‌ಬುಕ್ಕನ್ನು ಶಿವಸ್ವಾಮಿಯವರ ಕೈಗೆ ಕೊಟ್ಟು ಒಂದೊಂದು ಸಾಲನ್ನೂ ವಿವರಿಸಿದಳು. ಅವರ ಇಬ್ಬರು ಕೆಲಸಗಾರರೂ ಸುತ್ತ ನಿಂತು ಕೇಳುತ್ತಿದ್ದರು. ಶಿವಸ್ವಾಮಿ ಒಂದು ಕಡೆ ಬೆರಳಿಟ್ಟರು.

“ಇಲ್ಲಿ ಎರಡೆರಡು ಸಲ ಅಳಿಸಿ ಬರ್ದಂಗೈತಲ್ಲ ಮೇಡಂ?”

“ಅದು ನಾನು ಭಾಗಾಕಾರ ತಪ್ಪಿದ್ದು” ಎಂದಳು ಅಕ್ಕ, ಇಂದು ಬಿಸಿಲು ಜಾಸ್ತಿ ಎನ್ನುವ ಹಾಗೆ. “ನನ್ ಪುಸ್ತಕ ನಂಬ್ಕೊಂಡು ಕೂರ್ಬೇಡಿ. ಎಲ್ಲಾನೂ ನೀವೇ ಅಳ್ದು ನೋಡ್ಕಳಿ. ನನ್ ಲೆಕ್ಕ ನೆಚ್ಕೊಳಂಗಿಲ್ಲ.”

ಗುರುತಿಲ್ಲದವರ ಮುಂದೆ ಅವಳು ಹಾಗೆ ಹೇಳಿದ್ದನ್ನು ಕೇಳಿ ನನಗೆ ತಡೆಯಲಾಗಲಿಲ್ಲ.

“ಅಕ್ಕ ತಪ್ಪಿಲ್ಲ ಸಾ. ಅಲ್ಲಿ ಒಂದು ಅಂತ ಬರ್ದಿದ್ದು ನಾನು.”

ಶಿವಸ್ವಾಮಿ ನನ್ನನ್ನು ನೋಡಿದರು. ಅಕ್ಕ ನೋಟ್‌ಬುಕ್ಕನ್ನೇ ನೋಡುತ್ತಿದ್ದಳು.

“ಯಾವತ್ತು?” ಎಂದಳು.

“ಹಳ್ಳಿಮೈಸೂರು ಬಾಗ್ಲು ಕೊಯ್ದಾಗ. ಆರು ಮಿಲಿಮೀಟರ್ ಕಮ್ಮಿ ಬಂತು. ಮಿಷನ್ನಲ್ಲೂ ಬದ್ಲಾಯಿಸ್ದೆ, ಪುಸ್ತಕದಲ್ಲೂ ಬದ್ಲಾಯಿಸ್ದೆ.”

“ಕಟ್ಟರ್ ದಪ್ಪ ಬಿಟ್ಟಿರ್ಲಿಲ್ವಾ ಚಿತ್ರದಲ್ಲಿ?”

“ಇಲ್ಲ.”

ಅವಳ ತುಟಿ ಅಲ್ಲಾಡಿತು. ಮನಸ್ಸಿನಲ್ಲಿಯೇ ಗುಣಿಸುತ್ತಿದ್ದಳು. “ಅದಕ್ಕೇ ಆ ಬಾಗ್ಲು ಸರಿ ಇತ್ತು” ಎಂದಳು. ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಲೆಕ್ಕ ಕೂಡಿಬಂದಾಗ ಅವಳಿಗೆ ಬರುತ್ತಿದ್ದ ಮುಖ ಅದು. ಎಷ್ಟೋ ತಿಂಗಳಿಂದ ನಾನು ಅದನ್ನು ನೋಡಿರಲಿಲ್ಲ. ಸಿಟ್ಟು ಆಮೇಲೆ ಬಂತು, ಅದೂ ಬಹಳ ಮೆಲ್ಲಗೆ.

“ಎಲ್ಲಾ ಮನೇಗೂ ಬಂದ್ಯಲ್ಲೋ ನನ್ ಜೊತೆ” ಎಂದಳು.

ಕೆಲಸಗಾರರು ಬೇರೆ ಕಡೆ ನೋಡಿದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ನಿನ್ ಲೆಕ್ಕ ಯಾವತ್ತೂ ತಪ್ಪಿರ್ಲಿಲ್ಲ ಕಣಕ್ಕ. ಬೈತೀಯ ಅಂತ ಎದ್ರಿ ಸುಳ್ಳು ಏಳ್ದೆ. ನೀನು ನಿನ್ ಮೇಲೇ ಅನುಮಾನ ಪಟ್ಕೊಂಡು ತಿರುಗೋದ್ನ ನೋಡ್ಕೊಂಡು ಸುಮ್ನಿದ್ದೆ. ತಪ್ಪಾಯ್ತಕ್ಕ. ನನ್ನ ಕ್ಷಮಿಸ್ಬುಡು.”