ಮೊಳೆ ಬೇಡದ ಆಚಾರಿ

ಚಾತು ಆಚಾರಿ ಮರ ಅಳೆಯುವ ಮೊದಲು ಮನುಷ್ಯರನ್ನು ಅಳೆಯುತ್ತಿದ್ದರು. ನೆಲ್ಯಹುದಿಕೇರಿಯಿಂದ ಮೊದಲ ಬಸ್ಸು ಹಿಡಿದು ಕುಶಾಲನಗರದ ಹತ್ತಿರದ ನಮ್ಮ ಮನೆಗೆ ಬಂದವರು ಟೇಪು ಹೊರಗೆ ತೆಗೆಯಲೇ ಇಲ್ಲ. ಹುಡುಗಿಯರಿಬ್ಬರನ್ನೂ ನೆಲದ ಮೇಲೆ ಮಲಗಿಸಿ, ನಿದ್ದೆಯಲ್ಲಿ ಒದೆಯುವವರು ಯಾರು, ಎತ್ತರ ಕಂಡರೆ ಹೆದರುವವರು ಯಾರು ಎಂದು ವಿಚಾರಣೆ ಶುರು ಮಾಡಿದರು.

ನಾನೋ, ಮೊಬೈಲಿನಲ್ಲಿ ಬಂಕ್ ಬೆಡ್ಡಿನ ಚಿತ್ರಗಳನ್ನು ರಾಶಿ ಹಾಕಿಕೊಂಡು ಕಾಯುತ್ತಿದ್ದೆ. ನೆಟ್ಟಗಿನ ಏಣಿಯದು, ಮೆಟ್ಟಿಲಲ್ಲೇ ಡ್ರಾಯರ್ ಇರುವುದು, ಕೆಳಗೆ ಅಗಲ ಮೇಲೆ ಕಿರಿದು, ಒಂದೇ ಎರಡೇ. ಆಚಾರಿ ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ನೋಡಿದರು.

"ಅಮ್ಮಾ, ಇದೆಲ್ಲ ಫೋಟೋದಲ್ಲಿ ಮಲಗೋರಿಗೆ. ನಿಮ್ಮ ಮನೆ ಹೆಂಚು ತಗ್ಗು. ಮೇಲೆ ಎದ್ದು ಕೂತ್ರೆ ತಲೆ ಟಣ್ ಅಂತದೆ. ಕೆಳಗಿನ ಮಂಚ ನೆಲಕ್ಕೆ ಇಳಿಸುವ, ಮೇಲಿನದಕ್ಕೆ ಬೀಳದ ಹಾಗೆ ಎತ್ತರದ ಕಟಾಂಜನ. ಏಣಿ ಬೇಡ, ಮೆಟ್ಲೇ ಇರಲಿ."

ಹುಡುಗಿಯರಲ್ಲಿ ದೊಡ್ಡವಳು ಸಿಂಚನಾ, ನನ್ನ ಮಗಳು. ಒಂಬತ್ತು ವರ್ಷದ ಜೀವಿತಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ, ಕರಿಕೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವಳ ಅಪ್ಪ, "ಒಂದು ವರ್ಷ ಇಟ್ಕೊಳ್ಳಿ ಅಕ್ಕ, ಆಮೇಲೆ ನೋಡುವ" ಎಂದು ನಮ್ಮಲ್ಲಿ ಬಿಟ್ಟುಹೋಗಿದ್ದ. ಆ 'ಆಮೇಲೆ ನೋಡುವ' ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆಚಾರಿಯನ್ನು ಹಿತ್ತಲಿಗೆ ಕರೆದು, "ಬೋಲ್ಟ್ ಹಾಕಿ ಮಾಡಿ. ನಾಳೆ ಅವಳು ಹೋದ್ರೆ ಬಿಚ್ಚಿ ಬೇರೆ ಬೇರೆ ಮಂಚ ಮಾಡ್ಕೋಬಹುದು" ಎಂದೆ. ಹೇಳುವಾಗ ಬಹಳ ಜಾಣತನದ ಮಾತು ಅನ್ನಿಸಿತ್ತು. ತಿರುಗಿ ನೋಡಿದರೆ ಜೀವಿತಾ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ನಿಂತಿದ್ದಳು. ಆಚಾರಿ ಅವಳನ್ನೊಮ್ಮೆ ನೋಡಿ, ಟೇಪು ತೆಗೆದು ಒಳಗೆ ನಡೆದರು.

ಜಗಲಿಯಲ್ಲಿ ಆರು ದಿನ ಕೆಲಸ ನಡೆಯಿತು. ಕಾಲುಗಳಿಗೆ ಹಲಸು, ಹಲಗೆಗೆ ಸಿಲ್ವರ್ ಓಕ್. ನಮ್ಮ ಮನೆಗೆ ಬಂದಾಗಿನಿಂದ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ ಹುಡುಗಿ ಅಲ್ಲೇ ಕಂಬಕ್ಕೊರಗಿ ನೋಡುತ್ತಿದ್ದಳು. ಮೊದಲ ದಿನವೇ ಆಚಾರಿ, "ಮೋಳೇ, ಇಲ್ಲಿ ಬಾ" ಎಂದು ಕರೆದರು. ಅವಳು ಒಳಗೆ ಓಡಿ, ನಮ್ಮೆಜಮಾನರ ಡಬ್ಬದಿಂದ ಒಂದು ಹಿಡಿ ಮೊಳೆ ತಂದು ಕೈಗಿಟ್ಟಳು. ಆಚಾರಿ ಮೊಳೆ ನೋಡಿದರು, ಅವಳ ಮುಖ ನೋಡಿದರು. "ಹಾಂ, ಇದೇ ಬೇಕಿತ್ತು" ಎಂದು ಪೆಟ್ಟಿಗೆಗೆ ಹಾಕಿಕೊಂಡರು. ಅಲ್ಲಿಂದ ದಿನಕ್ಕೆ ಹತ್ತು ಸಲ ಕರೆಯುವುದು, ಅವಳು ಮೊಳೆ ತರುವುದು. ನಾಲ್ಕನೇ ದಿನಕ್ಕೆ, "ಎಷ್ಟು ಇಂಚಿಂದು ತರ್ಲಿ ತಾತ?" ಎಂದು ತಾನಾಗಿ ಕೇಳತೊಡಗಿದಳು. ಮರಕ್ಕೆ ಮರ ಕಚ್ಚಿಸಿ ಮಾಡುವ ಕೆಲಸಕ್ಕೆ ಇಷ್ಟೊಂದು ಮೊಳೆ ಯಾಕಪ್ಪಾ ಎಂದು ನನಗೆ ಸೋಜಿಗ. ನಾವು ಹಾಸನದ ಕಡೆಯಿಂದ ಬಂದವರು, ಆಚಾರಿಯ ಮಲಯಾಳದ ಗಂಧ ನಮಗಿಲ್ಲ.

ಮೇಲಿನ ಮಂಚಕ್ಕೆ ಸಿಂಚನಾ ಆಗಲೇ ದಿಂಬು ಎಸೆದು ಜಾಗ ಹಿಡಿದಿದ್ದಳು. ಚಿಕ್ಕವರು ಕೆಳಗೆ ಎಂಬುದೇ ಲೋಕದ ರೂಢಿ. ಆಚಾರಿ ಒಪ್ಪಲಿಲ್ಲ.

"ಚಿಕ್ಕವಳಿಗೆ ಎತ್ತರದ ಹೆದರಿಕೆ ಇಲ್ಲ, ನಾನು ಕೇಳಿದ್ದೇನೆ. ಇಬ್ರಿಗೂ ಬೇಕಾದ್ದು ಮೇಲಿನದು. ಕೊನೇಲಿ ಬಂದವಳಿಗೆ ಕೆಳಗಿನದು ಕೊಟ್ರೆ ಉಳಿದದ್ದು ಕೊಟ್ಟ ಹಾಗೆ ಆಗ್ತದೆ ಅಮ್ಮಾ."

ಸಿಂಚನಾ ಮುಖ ಊದಿಸಿಕೊಂಡಳು. ಅವಳ ಪಾಲಿಗೆ ಬೀಗವಿರುವ ಡ್ರಾಯರ್ ಬಂದ ಮೇಲೆ ಸರಿಹೋದಳು.

ಕೊನೆಯ ದಿನ ಮಂಚ ಎದ್ದು ನಿಂತಾಗ ಬೋಲ್ಟಿನ ಒಂದು ತಲೆಯೂ ಕಾಣಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಜೀವಿತಾ ಕೇಳಿದಳು:

"ತಾತ, ಇದನ್ನ ಬಿಚ್ಚೋಕಾಗ್ತದಾ?"

"ಇಲ್ಲ ಮೋಳೇ. ಬಿಚ್ಚಲಿಕ್ಕೆ ಬರೋದಿಲ್ಲ. ಈ ಮನೆ ಇರೋತನಕ ಇದು ಹೀಗೇ."

ಅವಳು ಮೆಟ್ಟಿಲು ಹತ್ತಿ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಸಿಟ್ಟು ಇಳಿದುಹೋಯಿತು. ನಾಚಿಕೆಯೂ ಆಯಿತು.

ಒಂದು ವರ್ಷ ಮೂರಾಯಿತು. ಅವಳಪ್ಪ ಬೇರೆ ಮದುವೆಯಾದ, ಜೀವಿತಾ ನಮ್ಮಲ್ಲೇ ಉಳಿದಳು. ಆಚಾರಿಗೆ ಕಣ್ಣು ಮಂಜಾಗಿ ಕೆಲಸ ನಿಂತಿದೆ ಎಂದು ಕೇಳಿ, ಹೋದ ವರ್ಷ ನೆಲ್ಯಹುದಿಕೇರಿಗೆ ಹೋಗಿ ನೋಡಿ ಬಂದೆ. ಮಾತಾಡುತ್ತಿದ್ದಾಗ ಅವರ ಹೆಂಡತಿ ಒಳಮನೆಗೆ ಕೂಗಿದರು, "ಮೋಳೇ, ಚಾಯ!" ನಡುವಯಸ್ಸಿನ ಮಗಳು ಚಹಾ ತಂದಿಟ್ಟಳು. ನಾನು ಹಿಡಿದ ಲೋಟ ಕೆಳಗಿಟ್ಟು ಕೇಳಿದೆ:

"ಆಚಾರ್ರೇ, ಮೋಳೇ ಅಂದ್ರೆ ಮಗಳೇ ಅಂತಲಾ?"

"ಮತ್ತೆ?" ಬೊಚ್ಚು ಬಾಯಿ ತುಂಬ ನಕ್ಕರು. "ಪಾಪ, ಅಷ್ಟು ಪ್ರೀತಿಯಿಂದ ತರ್ತಿತ್ತು ಮಗು. ತಪ್ಪು ಅಂತ ಹೇಗೆ ಹೇಳೋದು? ಆ ಮೊಳೆ ಎಲ್ಲ ಪೆಟ್ಟಿಗೇಲಿ ಉಂಟು. ಒಂದೂ ಹೊಡೆದಿಲ್ಲ." ಆಮೇಲೆ ದನಿ ತಗ್ಗಿಸಿದರು. "ಬೋಲ್ಟ್ ಹಾಕಿದ್ದೇನೆ ಅಮ್ಮಾ. ನೀವು ಯಜಮಾನ್ರು, ಹೇಳಿದ್ದು ಮಾಡ್ಬೇಕಲ್ಲ. ನಾಲ್ಕು ಕಾಲಿಗೂ ಉಂಟು, ಕಾಣದ ಹಾಗೆ ಮೇಲೆ ಮರದ ಬಿರಡೆ ಕೂರಿಸಿದ್ದೇನೆ. ಬಿಚ್ಚಿದ್ರಾ?"

"ಇಲ್ಲ."

"ಒಳ್ಳೇದಾಯ್ತು."

ಅದೇ ಕೊನೆಯ ಭೇಟಿ. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಹೋಗಿದ್ದರು. ಸುದ್ದಿ ನನಗೆ ತಡವಾಗಿ ತಲುಪಿತು, ಮುಖ ನೋಡಲಾಗಲಿಲ್ಲ. ಆ ಸಂಕಟ ಇನ್ನೂ ಇದೆ.

ಮೋಳೇ ಎಂಬ ಮಾತಿನ ಅರ್ಥವನ್ನು ಜೀವಿತಾಗೆ ಹೇಳಿದೆ. ಬಿರಡೆಯ ವಿಷಯ ಹೇಳಲಿಲ್ಲ. ಈಗ ಅವಳು ಪೊನ್ನಂಪೇಟೆಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಕಳೆದ ಭಾನುವಾರ ಅವಳು ಮನೆಗೆ ಬಂದಾಗ ನಮ್ಮೆಜಮಾನರು ಮಂಚ ತಟ್ಟುತ್ತಾ, "ಹುಡುಗೀರು ದೊಡ್ಡೋರಾದ್ರು, ಇದನ್ನ ಬಿಚ್ಚಿ ಎರಡು ಮಾಡುವ, ಸ್ಪಾನರ್ ಎಲ್ಲಿ?" ಎಂದರು.

"ಬಿಚ್ಚೋಕೆ ಬರೋದಿಲ್ಲ ರೀ. ಆಚಾರಿ ಮಾಡಿದ್ದೇ ಹಾಗೆ" ಎಂದೆ.

ಮೇಲಿನ ಮಂಚದಲ್ಲಿ ಜೀವಿತಾ ಪುಸ್ತಕದ ಹಾಳೆ ಮಗುಚುವ ಸದ್ದು ನಿಂತಿತು. ನಾನು ಗಟ್ಟಿಯಾಗಿ, "ಮೋಳೇ, ಊಟಕ್ಕೆ ಇಳಿದು ಬಾ" ಎಂದು ಕೂಗಿದೆ.

ಕಟಾಂಜನದ ಮೇಲಿಂದ ಅವಳ ತಲೆ ಕಾಣಿಸಿತು. ಕಣ್ಣು ಒದ್ದೆ, ತುಟಿಯಲ್ಲಿ ನಗು.

"ಎಷ್ಟು ಇಂಚಿಂದು ತರ್ಲಿ, ದೊಡ್ಡಮ್ಮ?"